ಕರಕರ ಸದ್ದಿನ ಲೆಕ್ಕ

ಚೌಳಹಿರಿಯೂರಿನ ನಮ್ಮ ಮನೆಯಲ್ಲಿ ಎರಡು ಬ್ಯಾಂಡಿನ ರೇಡಿಯೋ ಒಂದಿತ್ತು. ಸಂಜೆ ಕೃಷಿರಂಗದ ಹೊತ್ತಿಗೆ ಅಜ್ಜ ಅದನ್ನು ಗೋಡೆಗೂಡಿನಿಂದ ಇಳಿಸಿ ಜಗಲಿ ಮೇಲೆ ಇಟ್ಟುಕೊಳ್ಳೋರು. ಮುಳ್ಳನ್ನು 675 ಕಿಲೋಹರ್ಟ್ಸ್ ಹತ್ತಿರ ತಂದು, ಆಮೇಲೆ ರೇಡಿಯೋವನ್ನೇ ಆಕಡೆ ಈಕಡೆ ತಿರುಗಿಸಿ ಭದ್ರಾವತಿ ಆಕಾಶವಾಣಿಯನ್ನು ಹಿಡಿಯೋರು. ಹಿಡಿದದ್ದರಲ್ಲಿ ಅರ್ಧ ಮಾತು, ಅರ್ಧ ಸದ್ದು. ಆ ಸದ್ದಿನಲ್ಲೂ ಮೂರು ಬಗೆ. ತೋಟದ ಬೋರಿನ ಸ್ಟಾರ್ಟರ್ ಒತ್ತಿದಾಗ ಬರುವ ‘ಟಪ್, ಗರ್ರ್’ ಒಂದು. ಎಲ್ಲೋ ದೂರದಲ್ಲಿ ಮಿಂಚಿದಾಗ ಬರುವ ‘ಚಟ್ ಚಟಾರ್’ ಇನ್ನೊಂದು. ಇವೆರಡೂ ಇಲ್ಲದಾಗ, ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿದರೂ ಒಂದೇ ಸಮನೆ ಬರುವ ‘ಸೊಂಯ್’ ಮೂರನೆಯದು.

ಭರಣಿ, ಕೃತ್ತಿಕೆ ಮಳೆಯ ದಿನಗಳಲ್ಲಿ ಅಜ್ಜನಿಗೆ ಕೃಷಿರಂಗಕ್ಕಿಂತ ಎರಡನೇ ಸದ್ದೇ ಮುಖ್ಯ. “ಭದ್ರಾವತಿ ಕರಕರ ಅಂತೈತೆ, ಅಂಗಳದಾಗೆ ಹರವಿರೋ ಹುಣಸೇಹಣ್ಣು ಒಳಗೆ ಹಾಕ್ರಿ” ಅನ್ನೋರು. ಆಕಾಶದಲ್ಲಿ ಒಂದು ಮೋಡ ಇರ್ತಿರಲಿಲ್ಲ. ಗಂಟೆ ಎರಡು ಗಂಟೆಯಲ್ಲಿ ಎಷ್ಟೋ ಸಲ ಮಳೆ ಬಂದೇ ಬರೋದು. ನಾವು ಮಕ್ಕಳು ಅದನ್ನ ಅಜ್ಜನ ಶಕುನ ಅಂದುಕೊಂಡಿದ್ವಿ.

ಬಿಇ ಮುಗಿಸಿ ಬೆಂಗಳೂರಿಗೆ ಬಂದ ಮೇಲೆ ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಬರೆಯೋದು. ಆದರೆ ನಾನು ಬರೆಯೋದು ಆ್ಯಪ್ ಅಲ್ಲ, ಬ್ಯಾಂಕಿನ ಲೆಕ್ಕವೂ ಅಲ್ಲ. ಅನಲಾಗ್ ಚಿಪ್ ವಿನ್ಯಾಸ ಮಾಡುವವರು, ಚಿಪ್ ತಯಾರಾಗುವ ಮೊದಲೇ ಅದರಲ್ಲಿ ಎಷ್ಟು ‘ಸೊಂಯ್’ ಇರುತ್ತೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವ ಸಿಮ್ಯುಲೇಟರು. ಇಂಜಿನಿಯರುಗಳು ಇದಕ್ಕೆ ನಾಯ್ಸ್ ಅಂತಾರೆ; ನಾನಿಲ್ಲಿ ಗದ್ದಲ ಅನ್ನುತ್ತೇನೆ. ಈ ಲೆಕ್ಕ ಹಾಕಲು ಒಂದಲ್ಲ, ನಾಲ್ಕೈದು ವಿಧಾನಗಳಿವೆ. ಒಂದೇ ಸರ್ಕ್ಯೂಟಿಗೆ ಅವು ಬೇರೆ ಬೇರೆ ಉತ್ತರ ಕೊಡುವುದೂ ಉಂಟು. “ಯಾವುದು ಸರಿ?” ಅಂತ ಹೊಸಬರು ಕೇಳುತ್ತಾರೆ. ಆ ಪ್ರಶ್ನೆ ಕೇಳುವ ರೀತಿಯೇ ತಪ್ಪು ಅಂತ ನನಗೆ ಗೊತ್ತಾಗಿದ್ದು ಒಂದು ಚಿಪ್ ಕೆಟ್ಟ ಮೇಲೆ. ಅದಕ್ಕೆ ಬರುವ ಮೊದಲು ಇತಿಹಾಸವನ್ನ ಸ್ವಲ್ಪ ನೋಡೋಣ. ಯಾಕೆಂದರೆ ಈ ವಿಧಾನಗಳು ಯಾರೋ ಕೂತು ಒಂದೇ ದಿನ ಪಟ್ಟಿ ಮಾಡಿದವಲ್ಲ. ಹಿಂದಿನದು ಎಲ್ಲಿ ಸೋತಿತೋ ಅಲ್ಲಿ ಮುಂದಿನದು ಹುಟ್ಟಿದೆ.

ಮೊದಲು ಅಜ್ಜನ ಶಕುನ. 1895ರಲ್ಲಿ ರಷ್ಯಾದ ಪಪೋವ್ ಮಾಡಿದ ರೇಡಿಯೋ ಉಪಕರಣ ಹಿಡಿದದ್ದು ಮಾತನ್ನಲ್ಲ, ಮಿಂಚನ್ನ. ಅಂದರೆ ರೇಡಿಯೋ ಹುಟ್ಟುವಾಗಲೇ ಗದ್ದಲ ಜೊತೆಗಿತ್ತು. 1930ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಕಾರ್ಲ್ ಜಾನ್ಸ್‌ಕಿ ಎಂಬ ಯುವಕನಿಗೆ ಒಂದು ಕೆಲಸ ಕೊಟ್ಟರು: ಸಾಗರದಾಚೆಗಿನ ರೇಡಿಯೋ ದೂರವಾಣಿಗೆ ತೊಂದರೆ ಕೊಡುವ ಸದ್ದು ಎಲ್ಲಿಂದ ಬರುತ್ತೆ ಹುಡುಕು. ಆತ ಫೋರ್ಡ್ ಕಾರಿನ ಚಕ್ರಗಳ ಮೇಲೆ ತಿರುಗುವ ದೊಡ್ಡ ಆಂಟೆನಾ ಕಟ್ಟಿ, 20.5 ಮೆಗಾಹರ್ಟ್ಸ್‌ನಲ್ಲಿ ಕಿವಿಗೊಟ್ಟು ಕೂತ. ಅವನಿಗೂ ಮೂರೇ ಬಗೆ ಸಿಕ್ಕಿದ್ದು. ಹತ್ತಿರದ ಗುಡುಗು, ದೂರದ ಗುಡುಗು, ಮತ್ತೆ ಎಲ್ಲಿಂದಲೋ ಬರುವ ಸಮನಾದ ಸುಯ್ಲು. ಆ ಸುಯ್ಲು ದಿನಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಆದರೆ 24 ಗಂಟೆಗೆ ಅಲ್ಲ, 23 ಗಂಟೆ 56 ನಿಮಿಷಕ್ಕೆ. ಅದು ನಕ್ಷತ್ರಗಳ ದಿನ. ಸದ್ದು ಆಕಾಶಗಂಗೆಯದು ಅಂತ 1933ರಲ್ಲಿ ಆತ ಪ್ರಕಟಿಸಿದ. ರೇಡಿಯೋ ಖಗೋಳ ವಿಜ್ಞಾನ ಹುಟ್ಟಿದ್ದು ಹೀಗೆ.

ಗುಡುಗಿನ ಸದ್ದನ್ನು ನಮ್ಮವರೂ ಅಳೆದಿದ್ದಾರೆ. ಎಸ್. ವಿ. ಚಂದ್ರಶೇಖರ ಅಯ್ಯ ಎಂಬ ಪ್ರಾಧ್ಯಾಪಕರು 1950ರ ದಶಕದಲ್ಲಿ ಪುಣೆಯಲ್ಲಿ ಕೂತು, ರೇಡಿಯೋ ಪ್ರಸಾರಕ್ಕೆ ಸಿಡಿಲು ಎಷ್ಟು ಅಡ್ಡಿ ಮಾಡುತ್ತೆ ಅಂತ ಅಳತೆ ಮಾಡಿದರು. ಉಷ್ಣವಲಯದ ಗುಡುಗುಮಳೆ ಹೊರಸೂಸುವ ಗದ್ದಲದ ಬಗ್ಗೆ ಅವರ ಪ್ರಬಂಧ 1955ರಲ್ಲಿ ಅಮೆರಿಕದ ರೇಡಿಯೋ ಇಂಜಿನಿಯರುಗಳ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅದೇ ಕೆಲಸ ಮುಂದುವರಿಸಿದರು. ಅದನ್ನು ಓದಿದ ದಿನ ನನಗೆ ಹುಣಸೇಹಣ್ಣು ನೆನಪಾಯಿತು. ಅಜ್ಜ ಮಾಡುತ್ತಿದ್ದದ್ದು ಶಕುನ ಅಲ್ಲ, ಅಳತೆ. ಅಂಕಿ ಬರೆದಿಟ್ಟುಕೊಳ್ಳಲಿಲ್ಲ ಅಷ್ಟೆ.

ಇನ್ನು ಜಾನ್ಸ್‌ಕಿಯ ಮೂರನೇ ಸದ್ದು. ಅದನ್ನು ಹಿಡಿಯಲಿಕ್ಕೆಂದೇ ಕಟ್ಟಿದ ದೂರದರ್ಶಕ ಗೌರಿಬಿದನೂರಿನ ಹತ್ತಿರ ಇದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1970ರ ದಶಕದಲ್ಲಿ ಅಲ್ಲಿ ಇಂಗ್ಲಿಷಿನ ‘ಟಿ’ ಆಕಾರದಲ್ಲಿ 1,000 ಡೈಪೋಲ್‌ಗಳನ್ನು ನಿಲ್ಲಿಸಿದವು. ಕೇಳುವ ಕಂಪನಾಂಕ 34.5 ಮೆಗಾಹರ್ಟ್ಸ್. ಅಲ್ಲಿನ ಲೆಕ್ಕದಲ್ಲಿ ನಮ್ಮಂಥವರಿಗೊಂದು ಪಾಠ ಇದೆ. ಆ ಕಂಪನಾಂಕದಲ್ಲಿ ಆಕಾಶದ ಗದ್ದಲವೇ ಸಾವಿರಾರು ಕೆಲ್ವಿನ್ ತಾಪಕ್ಕೆ ಸಮ. ಆಂಪ್ಲಿಫೈಯರನ್ನು ಎಷ್ಟು ದುಬಾರಿಯಾಗಿ, ಎಷ್ಟು ಮೌನವಾಗಿ ಮಾಡಿದರೂ ಹೆಚ್ಚೇನೂ ಲಾಭ ಇಲ್ಲ. ಗದ್ದಲ ಕಡಿಮೆ ಮಾಡುವ ಮೊದಲು ಅದು ಯಾರದ್ದು ಅಂತ ತಿಳಿದಿರಬೇಕು.

ಇದುವರೆಗೆ ಹೇಳಿದ್ದು ಹೊರಗಿನಿಂದ ಬರುವ ಗದ್ದಲ. ಚಿಪ್ಪಿನ ಕಥೆ ಶುರುವಾಗೋದು ಒಳಗಿನ ಗದ್ದಲದಿಂದ. 1918ರಲ್ಲಿ ಜರ್ಮನಿಯ ಸೀಮೆನ್ಸ್‌ನಲ್ಲಿದ್ದ ವಾಲ್ಟರ್ ಶಾಟ್ಕಿ ಒಂದು ಮಾತು ಹೇಳಿದ. ವಿದ್ಯುತ್ತು ಕಾಲುವೆಯ ನೀರಿನಂತೆ ಅಖಂಡವಾಗಿ ಹರಿಯೋದಿಲ್ಲ. ಬಿಡಿ ಬಿಡಿ ಎಲೆಕ್ಟ್ರಾನುಗಳಾಗಿ ಬರುತ್ತೆ. ತಗಡಿನ ಮಾಡಿನ ಮೇಲೆ ಮಳೆ ಬಿದ್ದಂತೆ. ದೂರದಿಂದ ಒಂದೇ ಸದ್ದು, ಹತ್ತಿರ ಹೋದರೆ ಹನಿಹನಿ. ಆ ಹನಿಗಳ ಏರುಪೇರೇ ಗದ್ದಲ, ಪ್ರವಾಹ ಹೆಚ್ಚಿದಷ್ಟೂ ಅದೂ ಹೆಚ್ಚು. ಇದಕ್ಕೆ ಶಾಟ್ ನಾಯ್ಸ್ ಅಂತ ಹೆಸರು.

ಶಾಟ್ಕಿಯ ಸೂತ್ರ ಪರೀಕ್ಷಿಸಲು ಹೊರಟ ಬೆಲ್ ಲ್ಯಾಬ್ಸ್‌ನ ಜೆ. ಬಿ. ಜಾನ್ಸನ್‌ಗೆ 1925ರಲ್ಲಿ ಒಂದು ಅನಿರೀಕ್ಷಿತ ಸಿಕ್ಕಿತು. ಕಂಪನಾಂಕ ಕಡಿಮೆ ಮಾಡುತ್ತಾ ಹೋದಂತೆ ವಾಲ್ವಿನ ಗದ್ದಲ ಸೂತ್ರ ಹೇಳಿದ್ದಕ್ಕಿಂತ ಹೆಚ್ಚುತ್ತಾ ಹೋಯಿತು. ಅದೇ ಇವತ್ತಿಗೂ ಡಿಸೈನರುಗಳ ನಿದ್ದೆ ಕೆಡಿಸುವ ಫ್ಲಿಕರ್ ನಾಯ್ಸ್. 1928ರಲ್ಲಿ ಆತನೇ ಇನ್ನೊಂದು ತೋರಿಸಿದ. ಬ್ಯಾಟರಿಗೆ ಜೋಡಿಸದೆ ಸುಮ್ಮನೆ ಮೇಜಿನ ಮೇಲೆ ಬಿದ್ದಿರುವ ರೆಸಿಸ್ಟರ್ ಕೂಡ ಗದ್ದಲ ಮಾಡುತ್ತೆ. ಇಂಗಾಲ, ಲೋಹ, ಗಾಜಿನ ಕೊಳವೆಯಲ್ಲಿ ತುಂಬಿದ ಉಪ್ಪಿನ ದ್ರಾವಣ, ಏನೇ ಇಟ್ಟರೂ ಲೆಕ್ಕ ಒಂದೇ. ವಸ್ತು ಯಾವುದು ಅನ್ನೋದು ಮುಖ್ಯವಲ್ಲ, ರೆಸಿಸ್ಟೆನ್ಸ್ ಎಷ್ಟು, ಬಿಸಿ ಎಷ್ಟು, ಎಷ್ಟು ಅಗಲದ ಕಂಪನಾಂಕಪಟ್ಟಿಯಲ್ಲಿ ಕೇಳುತ್ತಿದ್ದೀರಿ, ಇಷ್ಟೇ. ಕೊಳವೆಗೆ ಚೌಳು ನೀರು ತುಂಬಿದ್ದರೂ ಅದೇ ಉತ್ತರ ಬರುತ್ತಿತ್ತು. ಅದೇ ವರ್ಷ, ಅದೇ ಪತ್ರಿಕೆಯಲ್ಲಿ, ಪಕ್ಕದ ಪ್ರಬಂಧವಾಗಿ ಹ್ಯಾರಿ ನೈಕ್ವಿಸ್ಟ್ ಇದಕ್ಕೆ ಕಾರಣ ಕೊಟ್ಟ. ಶಾಖ ಅಂದರೆ ಕಣಗಳ ಕುಣಿತ. ಆ ಕುಣಿತದ ಪಾಲು ತಂತಿಯಲ್ಲೂ ಕಾಣಲೇಬೇಕು. ಇಬ್ಬರೂ ಸ್ವೀಡನ್ನಿನಿಂದ ವಲಸೆ ಬಂದವರು ಅನ್ನೋದು ಒಂದು ಸೋಜಿಗ.

ಈ ಸೂತ್ರದಿಂದ ಸಿಗುವ ಅಂಕಿ ನೆನಪಿಟ್ಟುಕೊಳ್ಳಲು ಸುಲಭ. ಕೋಣೆಯ ಬಿಸಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಪ್ರತಿ ವರ್ಗಮೂಲ ಹರ್ಟ್ಸ್‌ಗೆ ಸುಮಾರು 4 ನ್ಯಾನೋವೋಲ್ಟ್ ಗದ್ದಲ ಮಾಡುತ್ತೆ. ನಾವು ಕೇಳಬಲ್ಲ 20 ಕಿಲೋಹರ್ಟ್ಸ್ ಅಗಲಕ್ಕೆ ಅದು ಅರ್ಧ ಮೈಕ್ರೋವೋಲ್ಟಿಗಿಂತ ಚೂರು ಹೆಚ್ಚು. ನಮ್ಮನೆ ರೇಡಿಯೋದ ‘ಸೊಂಯ್’ನಲ್ಲೂ ಒಂದು ಪಾಲು ಇದೇ. ರಿಪೇರಿಯಿಂದ ಹೋಗುವಂಥದ್ದಲ್ಲ ಅದು.

ಇಲ್ಲಿಂದ ಮುಂದೆ ಲೆಕ್ಕದ ಕಥೆ. ಮೊದಲನೇ ವಿಧಾನ ಕಾಗದ ಪೆನ್ನು. ಪ್ರತಿ ರೆಸಿಸ್ಟರು, ಪ್ರತಿ ವಾಲ್ವು ಎಷ್ಟು ಗದ್ದಲ ಮಾಡುತ್ತೆ, ಅದು ಔಟ್‌ಪುಟ್ಟಿಗೆ ಬರುವಷ್ಟರಲ್ಲಿ ಎಷ್ಟು ಪಟ್ಟು ಹೆಚ್ಚುತ್ತೆ ಅಂತ ಒಂದೊಂದಾಗಿ ಹಾಕೋದು. ಗದ್ದಲಗಳನ್ನು ಕೂಡುವ ರೀತಿ ಬೇರೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಮ ಗದ್ದಲ ಸೇರಿದರೆ ಎರಡು ಪಟ್ಟಾಗಲ್ಲ, 1.41 ಪಟ್ಟಾಗುತ್ತೆ. 1944ರಲ್ಲಿ ಬೆಲ್ ಲ್ಯಾಬ್ಸ್‌ನ ಹೆರಾಲ್ಡ್ ಫ್ರಿಸ್ ಕೊಟ್ಟ ಸೂತ್ರ ಇದನ್ನ ಇನ್ನೂ ಸರಳ ಮಾಡಿತು. ಸಾಲಾಗಿ ನಿಂತ ಆಂಪ್ಲಿಫೈಯರುಗಳಲ್ಲಿ ಮೊದಲನೆಯದನ್ನ ಚೆನ್ನಾಗಿ ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗೀತು, ಹಿಂದಿನವರ ಗದ್ದಲಕ್ಕೆ ಅಷ್ಟು ಬೆಲೆ ಇಲ್ಲ. ಹತ್ತು ವಾಲ್ವಿನ ರೇಡಿಯೋಗೆ ಈ ಲೆಕ್ಕ ಸಾಕಿತ್ತು.

ಆಮೇಲೆ ಒಂದೇ ಸಿಲಿಕಾನ್ ತುಂಡಿನ ಮೇಲೆ ಹತ್ತಾರು, ನೂರಾರು ಟ್ರಾನ್ಸಿಸ್ಟರ್ ಬಂದವು. ಮೇಜಿನ ಮೇಲೆ ಬಿಡಿ ಭಾಗ ಜೋಡಿಸಿ ನೋಡೋಣ ಅಂದರೆ ಅದು ಚಿಪ್ಪಿನ ಹಾಗೆ ವರ್ತಿಸಲ್ಲ. ಆಗ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ರಾನ್ ರೋರರ್ ಎಂಬ ಅಧ್ಯಾಪಕರು ತಮ್ಮ ತರಗತಿಯವರಿಗೆ ಸರ್ಕ್ಯೂಟ್ ಸಿಮ್ಯುಲೇಟರ್ ಬರೆಯಲು ಹಚ್ಚಿದರು. ಪಾಸಾಗಬೇಕೆಂದರೆ ಹಿರಿಯ ಪ್ರಾಧ್ಯಾಪಕ ಡಾನ್ ಪೆಡರ್ಸನ್ ಮೆಚ್ಚಬೇಕು ಅನ್ನೋದು ಷರತ್ತು. ಆ ತರಗತಿಯ ಲ್ಯಾರಿ ನೇಗಲ್ ಕೈಯಲ್ಲಿ ಬೆಳೆದ ಪ್ರೋಗ್ರಾಂ 1973ರಲ್ಲಿ ‘ಸ್ಪೈಸ್’ ಹೆಸರಿನಲ್ಲಿ ಹೊರಬಂತು. 1975ರಲ್ಲಿ ಅದರ ಎರಡನೇ ಆವೃತ್ತಿ. ಯಾರು ಬೇಕಾದರೂ ಪಡೆಯಬಹುದಾಗಿದ್ದರಿಂದ ಅದು ಜಗತ್ತಿಗೆಲ್ಲ ಹಬ್ಬಿತು. ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಹುಡುಗರು ಇವತ್ತು ಒತ್ತುವ ಸಿಮ್ಯುಲೇಶನ್ ಬಟನ್ನಿನ ಹಿಂದೆ ಇರೋದೂ ಬಹುಮಟ್ಟಿಗೆ ಅದರ ಮಕ್ಕಳು ಮೊಮ್ಮಕ್ಕಳೇ.

ಗದ್ದಲದ ಲೆಕ್ಕಕ್ಕೆ ಇವರು ಮಾಡಿದ ಜಾಣತನವನ್ನ ಹೇಳಲೇಬೇಕು. 200 ಗದ್ದಲದ ಮೂಲಗಳಿದ್ದರೆ, ಪ್ರತಿಯೊಂದರಿಂದ ಔಟ್‌ಪುಟ್ಟಿನವರೆಗೆ 200 ಸಲ ಲೆಕ್ಕ ಹಾಕಬೇಕಲ್ಲ? ಬೇಡ. ಸುತ್ತಲ ಹಳ್ಳಗಳಿಂದ ಕೆರೆಗೆ ಎಷ್ಟೆಷ್ಟು ನೀರು ಬರುತ್ತೆ ನೋಡಲು ಪ್ರತಿ ಹಳ್ಳದ ತಲೆಗೆ ಹೋಗಿ ಎಲೆ ತೇಲಿಬಿಡಬೇಕಿಲ್ಲ. ಕೆರೆಯಿಂದಲೇ ಹೊರಟು ಒಂದು ಸಲ ಹಿಂದುಹಿಂದಕ್ಕೆ ನಡೆದರೆ ಎಲ್ಲ ಹಳ್ಳವೂ ಸಿಗುತ್ತವೆ. ಟೆಲ್ಲೆಜೆನ್ ಎಂಬ ಡಚ್ ಇಂಜಿನಿಯರ್ 1952ರಲ್ಲಿ ಕೊಟ್ಟ ಪ್ರಮೇಯದ ಆಧಾರದ ಮೇಲೆ, ಸರ್ಕ್ಯೂಟನ್ನು ‘ತಿರುವುಮುರುವು’ ಮಾಡಿ ಒಂದೇ ಸಲದ ಲೆಕ್ಕದಲ್ಲಿ ಎಲ್ಲ ಮೂಲಗಳ ಪಾಲನ್ನೂ ತೆಗೆಯುವ ಈ ಉಪಾಯವನ್ನು ರೋರರ್, ನೇಗಲ್ ಮತ್ತು ಜೊತೆಗಾರರು 1971ರಲ್ಲಿ ಪ್ರಕಟಿಸಿದರು. ಸಾಧಾರಣ ನಾಯ್ಸ್ ಅನಾಲಿಸಿಸ್ ಅಂತ ನಾವು ಇವತ್ತು ಕರೆಯೋದು ಇದನ್ನೇ. ಸೆಕೆಂಡುಗಳಲ್ಲಿ ಉತ್ತರ. ಯಾರು ಎಷ್ಟು ಗದ್ದಲ ಮಾಡುತ್ತಿದ್ದಾರೆ ಅಂತ ಪಾಲುಪಟ್ಟಿ ಸಮೇತ ಕೊಡುತ್ತೆ.

ಬೆಂಗಳೂರಿಗೆ ಈ ಕಸುಬು ದೊಡ್ಡದಾಗಿ ಬಂದದ್ದು 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕೇಂದ್ರ ತೆರೆದಾಗ. ಮೊದಮೊದಲು ಅಲ್ಲಿ ನಡೆದದ್ದು ಚಿಪ್ ವಿನ್ಯಾಸಕ್ಕೆ ಬೇಕಾದ ಸಾಫ್ಟ್‌ವೇರ್ ಬರೆಯುವ ಕೆಲಸ. ಅವರ ಉಪಗ್ರಹ ಸಂಪರ್ಕದ ಆಂಟೆನಾ ಎತ್ತಿನಗಾಡಿಯಲ್ಲಿ ಬಂತು ಅನ್ನೋದು ಬೆಂಗಳೂರಿನ ಐಟಿಯವರೆಲ್ಲ ಹೇಳುವ ಕಥೆ. ಪಕ್ಕದ ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರ ಇರುವ ಸೀಮೆಯಿಂದ ಬಂದ ನನಗೆ ಈ ಕಥೆ ಕೇಳಿದಾಗಲೆಲ್ಲ ಆಂಟೆನಾಕ್ಕಿಂತ ಎತ್ತುಗಳ ಬಗ್ಗೆಯೇ ಕುತೂಹಲ.

ಈಗ ಆ ಕೆಟ್ಟ ಚಿಪ್ಪಿನ ವಿಷಯ. ಯಾವ ಕಂಪನಿ, ಯಾವ ವರ್ಷ ಅನ್ನೋದು ಇಲ್ಲಿ ಬೇಡ. ಸೆನ್ಸರ್ ಓದುವ ಚಿಪ್. ವಿನ್ಯಾಸ ಮಾಡಿದವಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಕೆಲಸದಲ್ಲಿ ಬಲು ಅಚ್ಚುಕಟ್ಟು. ಪರಿಶೀಲನೆ ಮೀಟಿಂಗಿನಲ್ಲಿ ಅವಳು ಗದ್ದಲದ ಗ್ರಾಫ್ ತೋರಿಸಿದಳು. ಸಾಧಾರಣ ನಾಯ್ಸ್ ಅನಾಲಿಸಿಸ್, ಉತ್ತರ ಚೆನ್ನಾಗಿತ್ತು. ಆದರೆ ಅವಳ ಸರ್ಕ್ಯೂಟಿನಲ್ಲಿ ಸ್ವಿಚ್ಚುಗಳಿದ್ದವು. ಒಂದು ಕಡೆ ವೋಲ್ಟೇಜನ್ನು ಕೆಪಾಸಿಟರಿನಲ್ಲಿ ಹಿಡಿದಿಟ್ಟುಕೊಂಡು, ಸ್ವಿಚ್ ತೆಗೆದು, ಇನ್ನೊಂದು ಕಡೆ ಸುರಿಯುವ ಬಗೆ. ಸೆಕೆಂಡಿಗೆ ಲಕ್ಷಾಂತರ ಸಲ. ಸಾಧಾರಣ ವಿಧಾನ ಮಾಡುವುದೇನು? ಸರ್ಕ್ಯೂಟನ್ನು ಒಂದು ಸ್ಥಿತಿಯಲ್ಲಿ ಕಲ್ಲಿನಂತೆ ನಿಲ್ಲಿಸಿ, ಆ ನಿಂತ ಸ್ಥಿತಿಯ ಸುತ್ತ ಸಣ್ಣ ಅಲುಗಾಟಗಳನ್ನ ಲೆಕ್ಕ ಹಾಕುತ್ತೆ. ಅವಳು ಸ್ವಿಚ್ಚುಗಳನ್ನ ಆನ್ ಸ್ಥಿತಿಯಲ್ಲಿ ನಿಲ್ಲಿಸಿದ್ದಳು.

ನನಗೆ ಅದು ಕಂಡಿತು. ಆ ಲೆಕ್ಕದ ಕೋಡಿನ ಒಂದು ಭಾಗ ನೋಡಿಕೊಳ್ಳುವವನೇ ನಾನು. ಕೈ ಎತ್ತಬೇಕು ಅಂದುಕೊಂಡೆ. ಅಲ್ಲಿ ಕೂತಿದ್ದವರೆಲ್ಲ ದೊಡ್ಡ ದೊಡ್ಡ ಡಿಸೈನರುಗಳು, ನಾನು ಟೂಲಿನವನು. ಅವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಅಂತ ಸುಮ್ಮನಾದೆ. ಗಡುವು ಬೇರೆ ಹತ್ತಿರ ಇತ್ತು.

ಅವತ್ತು ನಾನು ಹೇಳಬೇಕಿದ್ದ ಲೆಕ್ಕ ದೊಡ್ಡದೇನಲ್ಲ. ಸ್ವಿಚ್ ಮೂಲಕ ಕೆಪಾಸಿಟರಿಗೆ ವೋಲ್ಟೇಜ್ ಹಿಡಿದಾಗ ಉಳಿಯುವ ಗದ್ದಲದ ವರ್ಗ, ಬೋಲ್ಟ್ಸ್‌ಮನ್ ಸಂಖ್ಯೆಯನ್ನು ತಾಪದಿಂದ ಗುಣಿಸಿ ಕೆಪಾಸಿಟನ್ಸ್‌ನಿಂದ ಭಾಗಿಸಿದಷ್ಟು. ಅದರಲ್ಲಿ ಸ್ವಿಚ್ಚಿನ ರೆಸಿಸ್ಟೆನ್ಸ್ ಇಲ್ಲವೇ ಇಲ್ಲ. 1 ಪಿಕೋಫ್ಯಾರಡ್‌ಗೆ ಸುಮಾರು 64 ಮೈಕ್ರೋವೋಲ್ಟ್. ಅರ್ಧ ಮಾಡಬೇಕೆಂದರೆ ಕೆಪಾಸಿಟರ್ ನಾಲ್ಕು ಪಟ್ಟು ದೊಡ್ಡದಾಗಬೇಕು. ಉದಾಹರಣೆಗೆ ಸ್ವಿಚ್ 1 ಕಿಲೋಓಮ್, ಕೆಪಾಸಿಟರ್ 1 ಪಿಕೋಫ್ಯಾರಡ್, ಸೆಕೆಂಡಿಗೆ 1 ಕೋಟಿ ಸಲ ಹಿಡಿಯುವುದು ಅಂತಿಟ್ಟುಕೊಳ್ಳಿ. ಸ್ವಿಚ್ಚಿನ ಗದ್ದಲ 250 ಮೆಗಾಹರ್ಟ್ಸ್ ಅಗಲಕ್ಕೆ ಹರಡಿರುತ್ತೆ. ಹಿಡಿದಾದ ಮೇಲೆ ನಮಗೆ ಕಾಣುವ ಅಗಲ 5 ಮೆಗಾಹರ್ಟ್ಸ್ ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಎಲ್ಲೂ ಹೋಗಲ್ಲ. ಸಿನಿಮಾದಲ್ಲಿ ಜೋರಾಗಿ ಓಡುವ ಗಾಡಿಯ ಚಕ್ರ ನಿಧಾನವಾಗಿ ಹಿಂದಕ್ಕೆ ತಿರುಗಿದಂತೆ ಕಾಣುತ್ತಲ್ಲ, ಹಾಗೆ ಮೇಲಿನ ಗದ್ದಲವೆಲ್ಲ ಮಡಚಿಕೊಂಡು ಆ 5 ಮೆಗಾಹರ್ಟ್ಸ್ ಒಳಗೇ ಬಂದು ಕೂರುತ್ತೆ. 250ನ್ನು 5ರಿಂದ ಭಾಗಿಸಿದರೆ 50. ಶಕ್ತಿಯಲ್ಲಿ 50 ಪಟ್ಟು, ವೋಲ್ಟೇಜಿನಲ್ಲಿ 7 ಪಟ್ಟು. ಸ್ವಿಚ್ಚನ್ನು ಆನ್‌ನಲ್ಲೇ ನಿಲ್ಲಿಸಿದ ಲೆಕ್ಕಕ್ಕೆ ಈ ಮಡಿಕೆ ಕಾಣೋದೇ ಇಲ್ಲ. ಆಫ್‌ನಲ್ಲಿ ನಿಲ್ಲಿಸಿದರಂತೂ ಗದ್ದಲವೇ ಇಲ್ಲ ಅನ್ನುತ್ತೆ.

ತಿಂಗಳುಗಳ ನಂತರ ಚಿಪ್ ಬಂತು. ಲ್ಯಾಬಿನಲ್ಲಿ ಗದ್ದಲ ನಾಲ್ಕು ಪಟ್ಟು. ಅವಳು ಬೋರ್ಡ್ ಬದಲಾಯಿಸಿದಳು, ಪವರ್ ಸಪ್ಲೈ ಬದಲಾಯಿಸಿ ಬ್ಯಾಟರಿ ಹಾಕಿದಳು, ಬೆಸುಗೆ ಬಿಚ್ಚಿ ಮತ್ತೆ ಹಾಕಿದಳು. ಆರು ವಾರ. ಕೊನೆಗೆ ನಾನೇ ಹೋಗಿ, ಬೇರೆ ವಿಧಾನದಲ್ಲಿ ಒಂದು ಸಲ ಓಡಿಸೋಣ ಅಂದೆ. ರಾತ್ರಿ ಬಿಟ್ಟು ಹೋದದ್ದಕ್ಕೆ ಬೆಳಗ್ಗೆ ಉತ್ತರ ಬಂದಿತ್ತು, ಲ್ಯಾಬಿನ ಅಳತೆಗೆ ಹೊಂದುತ್ತಿತ್ತು. ಚಿಪ್ಪನ್ನು ಮತ್ತೆ ಮಾಡಬೇಕಾಯಿತು. ವರದಿಯಲ್ಲಿ ‘ವಿನ್ಯಾಸಕರ ತಪ್ಪು’ ಅಂತ ಬರೆದರು. ಮೀಟಿಂಗಿನಲ್ಲಿ ಬಾಯಿಬಿಡದೆ ಕೂತವನ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ಆ ‘ಬೇರೆ ವಿಧಾನ’ ಬಂದದ್ದು 1990ರ ದಶಕದಲ್ಲಿ, ಮೊಬೈಲ್ ಫೋನ್ ಜೊತೆಗೆ. ಫೋನಿನ ರೇಡಿಯೋ ಚಿಪ್ಪಿನಲ್ಲಿ ಯಾವುದೂ ನಿಂತಿರಲ್ಲ. ಮಿಕ್ಸರ್, ಆಸಿಲೇಟರ್, ಎಲ್ಲ ಕುಣಿಯುತ್ತಿರುತ್ತವೆ. ಆದರೆ ಅವುಗಳ ಕುಣಿತಕ್ಕೆ ತಾಳ ಇದೆ, ಒಂದು ಸುತ್ತಿನಂತೆಯೇ ಇನ್ನೊಂದು ಸುತ್ತು. ಹಾಗಾದರೆ ಸರ್ಕ್ಯೂಟನ್ನು ನಿಲ್ಲಿಸುವ ಬದಲು, ಒಂದು ಸುತ್ತನ್ನು ಪೂರ್ತಿ ಲೆಕ್ಕ ಹಾಕಿ, ಆ ಸುತ್ತಿನ ಪ್ರತಿ ಕ್ಷಣದ ಸುತ್ತಲೂ ಸಣ್ಣ ಅಲುಗಾಟ ನೋಡೋಣ ಅನ್ನೋದು ಪೀರಿಯಾಡಿಕ್ ನಾಯ್ಸ್ ವಿಧಾನ. ಸಿದ್ಧಾಂತ ಹಳೆಯದೇ. ದೊಡ್ಡ ಸರ್ಕ್ಯೂಟಿಗೂ ಇದನ್ನು ಓಡಿಸಬಲ್ಲ ಗಣಿತವನ್ನು ಕೆನ್ ಕುಂಡರ್ಟ್, ಜೇಕಬ್ ವೈಟ್, ರಿಕಾರ್ಡೊ ಟೆಲಿಶೆವೆಸ್ಕಿ ಮೊದಲಾದವರು 1995ರ ಹೊತ್ತಿಗೆ ಹದಕ್ಕೆ ತಂದರು; ಮರುವರ್ಷ ಅದು ಮಾರುಕಟ್ಟೆಗೆ ಬಂತು. ಇದಕ್ಕೆ ಮಡಿಕೆ ಕಾಣುತ್ತೆ. ಆದರೆ ಇದೂ ಒಂದನ್ನ ನಿಲ್ಲಿಸಿಕೊಂಡಿದೆ, ತಾಳವನ್ನ. ತಾಳ ತಪ್ಪಿ ಓಡುವ ಸರ್ಕ್ಯೂಟಿಗೆ ಇದು ಬರಲ್ಲ.

ಆಸಿಲೇಟರಿನದಂತೂ ಬೇರೆಯೇ ಪಾಡು. ಅದರಲ್ಲಿ ಗದ್ದಲ ತಾಳವನ್ನೇ ಅಲ್ಲಾಡಿಸುತ್ತೆ. 1966ರಲ್ಲಿ ಡೇವಿಡ್ ಲೀಸನ್ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದ, ಆದರೆ ಅದರಲ್ಲಿ ಅಳೆದ ಮೇಲೆ ತುಂಬಬೇಕಾದ ಒಂದು ಖಾಲಿ ಜಾಗ ಇತ್ತು. 1998ರಲ್ಲಿ ಅಲಿ ಹಾಜಿಮಿರಿ ಮತ್ತು ಥಾಮಸ್ ಲೀ ಒಂದು ಸೊಗಸಾದ ವಿಷಯ ತೋರಿಸಿದರು. ಹುಣಸೆಮರಕ್ಕೆ ಕಟ್ಟಿದ ಉಯ್ಯಾಲೆ ನೆನಪಿಸಿಕೊಳ್ಳಿ. ಕೆಳಗೆ ಜೋರಾಗಿ ಹಾದುಹೋಗುವಾಗ ಒಂದು ಏಟು ತಳ್ಳಿದರೆ ಎತ್ತರ ಹೆಚ್ಚುತ್ತೆ, ಹೊತ್ತು ಬದಲಾಗಲ್ಲ. ತುದಿಯಲ್ಲಿ ಒಂದು ಚಣ ನಿಂತಾಗ ತಳ್ಳಿದರೆ ತಾಳ ಹಿಂದುಮುಂದಾಗುತ್ತೆ. ಏಟು ಅದೇ, ಬಿದ್ದ ಹೊತ್ತು ಬೇರೆ. ಹಾಗೆಯೇ ಗದ್ದಲ ಎಷ್ಟು ಅನ್ನೋದರ ಜೊತೆಗೆ ಯಾವಾಗ ಬಿತ್ತು ಅನ್ನೋದೂ ಲೆಕ್ಕಕ್ಕೆ ಬರಬೇಕು. 2000ದಲ್ಲಿ ಆಲ್ಪರ್ ಡೆಮಿರ್, ಅಮಿತ್ ಮೆಹ್ರೋತ್ರಾ, ಜೈಜಿತ್ ರಾಯ್‌ಚೌಧುರಿ ಇದಕ್ಕೆ ಗಟ್ಟಿ ಗಣಿತದ ಬುನಾದಿ ಹಾಕಿದರು.

ಕೊನೆಯದು ಟ್ರಾನ್ಸಿಯೆಂಟ್ ನಾಯ್ಸ್. ಇದು ಏನನ್ನೂ ನಿಲ್ಲಿಸಲ್ಲ. ಪ್ರತಿ ರೆಸಿಸ್ಟರು, ಟ್ರಾನ್ಸಿಸ್ಟರಿನ ಪಕ್ಕ ದಾಳ ಹಾಕುತ್ತಾ ಯದ್ವಾತದ್ವಾ ಗದ್ದಲ ಸುರಿದು, ಸರ್ಕ್ಯೂಟು ನಿಜವಾಗಿ ಓಡಿದಂತೆ ಓಡಿಸುತ್ತೆ. ಕೇಳಿದರೆ ಇದೇ ಎಲ್ಲಕ್ಕಿಂತ ಸತ್ಯ ಅನ್ನಿಸುತ್ತೆ, ಹೊಸಬರು ಇದಕ್ಕೇ ಬೀಳುತ್ತಾರೆ. ಆದರೆ ದಾಳದ ಬೆಲೆ ಕೊಡಬೇಕು. ಗದ್ದಲದ ಮಟ್ಟ ಶೇಕಡಾ 10ರ ತಪ್ಪಿನೊಳಗೆ ಸಾಕು ಅಂದರೆ ಒಂದಕ್ಕೊಂದು ಸಂಬಂಧವಿಲ್ಲದ ಸುಮಾರು 50 ಮಾದರಿ ಸಾಕು. ಶೇಕಡಾ 1 ಬೇಕು ಅಂದರೆ 5,000. ತಪ್ಪು ಹತ್ತರಲ್ಲೊಂದಾಗಲು ಕೆಲಸ ನೂರು ಪಟ್ಟು. ಫ್ಲಿಕರ್ ಗದ್ದಲವನ್ನು 1 ಹರ್ಟ್ಸ್‌ವರೆಗೆ ನೋಡಲು ಕನಿಷ್ಠ 1 ಸೆಕೆಂಡ್ ಓಡಿಸಬೇಕು. ಹೆಜ್ಜೆ 1 ನ್ಯಾನೋಸೆಕೆಂಡಿನದಾದರೆ ನೂರು ಕೋಟಿ ಹೆಜ್ಜೆ. ಅದಕ್ಕಿಂತ ಮೋಸದ್ದು ಇನ್ನೊಂದಿದೆ. ಸ್ಪೈಸ್ ತನ್ನ ಲೆಕ್ಕದಲ್ಲಿ ರೂಢಿಯಾಗಿ ಸಹಿಸಿಕೊಳ್ಳುವ ತಪ್ಪು ಸಾವಿರಕ್ಕೆ ಒಂದು ಪಾಲು. 1 ವೋಲ್ಟಿನಲ್ಲಿ ಅದು 1,000 ಮೈಕ್ರೋವೋಲ್ಟ್. ನೀವು ಹುಡುಕುತ್ತಿರೋದು 64. ಸಹನೆಯನ್ನು ಬಿಗಿ ಮಾಡದಿದ್ದರೆ ನೀವು ನೋಡೋದು ಸರ್ಕ್ಯೂಟಿನ ಗದ್ದಲವನ್ನಲ್ಲ, ಸಿಮ್ಯುಲೇಟರಿನ ಗದ್ದಲವನ್ನ!

ಹೋಲಿಕೆ ಅಂತ ಮಾಡಿದರೆ ಇಷ್ಟೇ. ಆಂಪ್ಲಿಫೈಯರು ಒಂದೇ ಸ್ಥಿತಿಯಲ್ಲಿ ನಿಂತು ಕೆಲಸ ಮಾಡುವಂಥದ್ದಾದರೆ 1971ರ ವಿಧಾನದಷ್ಟು ಒಳ್ಳೇದು ಇನ್ನೊಂದಿಲ್ಲ, ದಾಳ ಉರುಳಿಸೋದು ದಂಡ. ತಾಳಕ್ಕೆ ಕುಣಿಯುವಂಥದ್ದಾದರೆ ಪೀರಿಯಾಡಿಕ್. ತಾಳವೂ ಇಲ್ಲದ್ದಾದರೆ ಟ್ರಾನ್ಸಿಯೆಂಟ್, ಕಾಯುವ ತಾಳ್ಮೆಯೊಂದಿಗೆ. ಯಾವುದೇ ಆದರೂ ಮೊದಲು ಕಾಗದದ ಮೇಲೆ ಮೂರು ಸಾಲಿನ ಲೆಕ್ಕ, ಮೆಷಿನ್ ಹೇಳಿದ್ದು ಅದಕ್ಕೆ ಹೊಂದದಿದ್ದಾಗ ಅನುಮಾನ ಪಡಲಿಕ್ಕೆ. ಇವುಗಳಲ್ಲಿ ಯಾವುದೂ ಸುಳ್ಳು ಹೇಳಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಡುತ್ತವೆ. ಅವಳ ಗ್ರಾಫೂ ಸುಳ್ಳಾಗಿರಲಿಲ್ಲ. ಸ್ವಿಚ್ಚುಗಳು ಎಂದೂ ಅಲುಗದ ಒಂದು ಚಿಪ್ಪಿನ ಬಗ್ಗೆ ಅದು ಪೂರ್ತಿ ನಿಜ. ಅಂಥ ಚಿಪ್ಪನ್ನು ನಾವು ಮಾಡುತ್ತಿರಲಿಲ್ಲ ಅಷ್ಟೆ.

ಹಾಗಾಗಿ ಈಗ ನಾನು ಮೀಟಿಂಗುಗಳಲ್ಲಿ “ಎಷ್ಟು ಬಂತು?” ಅಂತ ಕೇಳಲ್ಲ. “ಏನನ್ನ ನಿಲ್ಲಿಸಿ ಲೆಕ್ಕ ಹಾಕಿದ್ರಿ?” ಅಂತ ಕೇಳುತ್ತೇನೆ. ಕೆಲವರಿಗೆ ಕಿರಿಕಿರಿ, ಇರಲಿ. ಅವಳಿಗೆ ಅವತ್ತಿನ ವಿಷಯ ಹೇಳಿದೆ, ತಡವಾಗಿ. “ನಿಮಗೆ ಗೊತ್ತಿತ್ತಾ?” ಅಂತ ಒಂದೇ ಮಾತು ಕೇಳಿದಳು. ಹೂಂ ಅಂದೆ. ಆಮೇಲೆ ಇಬ್ಬರೂ ಕಾಫಿ ಕುಡಿದು ಕೆಲಸಕ್ಕೆ ಹೋದೆವು.

ಕಳೆದ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಅಜ್ಜ ಇಲ್ಲ, ರೇಡಿಯೋ ಇದೆ. ಹೊಸ ಸೆಲ್ ಹಾಕಿ 675ಕ್ಕೆ ತಿರುಗಿಸಿದರೆ ಬರೀ ‘ಗುಂಯ್’. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಎಲ್ಲದರ ಒಳಗೂ ಈಗ ಸ್ವಿಚ್ಚುಗಳೇ. ಬಿಸಾಕೋಣ ಅನ್ನಿಸಿತು. ಅಷ್ಟರಲ್ಲಿ ಕರೆಂಟ್ ಹೋಯಿತು. ಇಡೀ ಬೀದಿ ಕತ್ತಲು. ‘ಗುಂಯ್’ ನಿಂತು ಭದ್ರಾವತಿ ಸ್ವಚ್ಛವಾಗಿ ಮಾತಾಡತೊಡಗಿತು, ಹಿಂದೆ ಅದೇ ಹಳೇ ‘ಸೊಂಯ್’. ಕೇಳ್ತಾ ಕೂತಿದ್ದಂಗೆ ನಡುನಡುವೆ ಚಟ್, ಚಟಾರ್. ಹೊರಗೆ ನೋಡಿದರೆ ಆಕಾಶದ ತುಂಬ ನಕ್ಷತ್ರ.

ಎದ್ದು ಹೋಗಿ ಅಂಗಳದ ಹುಣಸೇಹಣ್ಣು ಒಳಗೆ ತಂದಿಟ್ಟೆ.